ಕಣ ಕಿರಿದಾದರೆ ಆಳು ಹೆಚ್ಚಿ ಫಲವೇನು?

ನಮ್ಮ ಶಾಲೆಗೆ ಒಂದು ಗಣಕಯಂತ್ರವನ್ನು ಕೊಡಿಸಲು ಹಳೆಯ ವಿದ್ಯಾರ್ಥಿಗಳು ಮುಂದೆ ಬಂದಿರುವುದು ಎಲ್ಲರಿಗೂ ತಿಳಿದ ಸಂಗತಿ. ಅದರ ಮೊದಲ ಕೆಲಸವೂ ನಿಶ್ಚಯವಾಗಿದೆ. ಕಛೇರಿಯ ಗೋಡೆಯ ಮೇಲೆ ತೇವಕ್ಕೆ ಸಿಕ್ಕಿ ಮಾಸುತ್ತಿರುವ ಹತ್ತನೆಯ ತರಗತಿಯ ಸಮೂಹ ಛಾಯಾಚಿತ್ರಗಳನ್ನು ಸ್ಕ್ಯಾನ್ ಮಾಡಿ, ಕಲೆ ತೆಗೆದು, ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಅಚ್ಚು ಹಾಕಿಸುವುದು. ಈ ಗಡಿನಾಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಅಂಕಪಟ್ಟಿಯನ್ನು ಬಿಟ್ಟರೆ, ಇಲ್ಲಿ ಓದಿದ್ದಕ್ಕೆ ಉಳಿದಿರುವ ಗುರುತು ಈ ಚಿತ್ರಗಳೇ. ಕೆಲವು ಸಾಲುಗಳಲ್ಲಿ ಮುಖಗಳು ಆಗಲೇ ಅರ್ಧ ಅಳಿಸಿವೆ. ಆದ್ದರಿಂದ ಯಂತ್ರವನ್ನು ಕೊಳ್ಳುವಾಗ ತಪ್ಪಬಾರದು. ಕೈಗೆ ಬಂದಿರುವ ದರಪಟ್ಟಿಯನ್ನು ನೋಡಿದರೆ ತಪ್ಪುವ ಲಕ್ಷಣವೇ ಕಾಣುತ್ತಿದೆ. ಅದರಲ್ಲಿ ‘ಎಂಟು ಕೋರ್’ ಎಂಬುದು ದಪ್ಪಕ್ಷರ. ‘ರ್‍ಯಾಮ್ 4 ಜಿಬಿ’ ಎಂಬುದು ಕೆಳಗೆಲ್ಲೋ ಸಣ್ಣಕ್ಷರ.

ಕನ್ನಡ ಮೇಷ್ಟರಿಗೆ ಇದರ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಕಂಡು ಅನುಭವಿಸಿದ್ದರಿಂದ ಹೇಳುತ್ತಿದ್ದೇವೆ.

ಕಳೆದ ಬೇಸಿಗೆಯಲ್ಲಿ, ಕಲ್ಯಾಣದುರ್ಗದಲ್ಲಿ ಸ್ಟುಡಿಯೋ ಇಟ್ಟಿರುವ ಹಳೆಯ ಶಿಷ್ಯನೊಬ್ಬನ ಬಳಿಗೆ ಒಂದು ಚಿತ್ರವನ್ನು ಒಯ್ದಿದ್ದೆವು. (2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮೇಲೆ ಕಲ್ಯಾಣದುರ್ಗ ನಮಗೆ ಹೊರಜಿಲ್ಲೆಯಾಯಿತು, ಶಿಷ್ಯ ಮಾತ್ರ ಹೊರಗಿನವನಾಗಿಲ್ಲ.) “ಎಂಟು ಕೋರ್ ಮಿಷನ್ ಸಾರ್ ಇದು, ಕೂತ್ಕೊಳ್ಳಿ, ಈಗ ಮಾಡಿ ಕೊಡ್ತೀನಿ” ಎಂದ. ಕುಳಿತೆವು. ಎರಡು ಸಲ ಚಹಾ ಬಂತು. ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇತ್ತು. ಅವನು ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದಾಗ ನಮಗೆ ಆಶ್ಚರ್ಯ. ಎಂಟು ಕೋರ್‌ಗಳೂ ಸೇರಿ ನೂರಕ್ಕೆ ಹತ್ತರಷ್ಟೂ ದುಡಿಯುತ್ತಿರಲಿಲ್ಲ! ರ್‍ಯಾಮ್ ತುಂಬಿಹೋಗಿತ್ತು, ಡಿಸ್ಕ್ ಮಾತ್ರ ನೂರಕ್ಕೆ ನೂರು ಏಗುತ್ತಿತ್ತು.

ಕಾರಣ ಸರಳವಾದ ಗುಣಾಕಾರದಲ್ಲಿದೆ. ಹನ್ನೆರಡು ಅಂಗುಲ ಅಗಲ, ಹತ್ತು ಅಂಗುಲ ಎತ್ತರದ ಚಿತ್ರವನ್ನು ಅಂಗುಲಕ್ಕೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 7200 × 6000, ಅಂದರೆ 4 ಕೋಟಿ 32 ಲಕ್ಷ ಚುಕ್ಕೆ. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಬಣ್ಣ. ಬಣ್ಣಕ್ಕೆ ಎರಡು ಬೈಟಿನಂತೆ ಸುಮಾರು 26 ಕೋಟಿ ಬೈಟ್. ಡಿಸ್ಕಿನಲ್ಲಿ ಅಡಕಗೊಂಡು ಮಲಗಿದ್ದಾಗ ಚಿಕ್ಕದಾಗಿ ಕಾಣುವ ಚಿತ್ರ, ತೆರೆದೊಡನೆ ಇಷ್ಟು ಜಾಗ ಬೇಡುತ್ತದೆ. ಕಲೆ ತೆಗೆಯಲು ಒಂದು ಪದರ, ಬೆಳಕು ತಿದ್ದಲು ಒಂದು ಪದರ, ಹೀಗೆ ಹತ್ತು ಪದರಗಳಾದರೆ 260 ಕೋಟಿ ಬೈಟ್. ತಪ್ಪಾದರೆ ಹಿಂದಕ್ಕೆ ಹೋಗಲು ಉಳಿಸಿಕೊಂಡ ಹಿಂದಿನ ಸ್ಥಿತಿಗಳ ಲೆಕ್ಕ ಬೇರೆ. 4 ಜಿಬಿ ಎಂದರೆ ಸುಮಾರು 400 ಕೋಟಿ ಬೈಟ್. ಅದರಲ್ಲಿ ದೊಡ್ಡ ಪಾಲು ಯಂತ್ರದ ಸ್ವಂತ ಸಂಸಾರಕ್ಕೇ ಬೇಕು. ಹಿಡಿಸದೆ ಉಳಿದದ್ದನ್ನು ತಂತ್ರಾಂಶವು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ತಿರುಗುವ ಹಳೆಯ ಬಗೆಯ ಡಿಸ್ಕಿನಲ್ಲಿ ಒಂದು ತುಣುಕನ್ನು ಹುಡುಕಿ ತೆಗೆಯುವುದು ರ್‍ಯಾಮಿನಿಂದ ತೆಗೆಯುವುದಕ್ಕಿಂತ ಲಕ್ಷ ಪಟ್ಟು ನಿಧಾನವಾದೀತು.

ಕಲ್ಯಾಣದುರ್ಗದ ಕಡೆಯ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಕಡಲೆಕಾಯಿ ಬಿಡಿಸಲು ಎಂಟು ಆಳು ಬಂದಿದ್ದಾರೆ. ಕಣದಲ್ಲಿ ಎರಡು ಹೊರೆ ಇಳಿಸುವಷ್ಟೇ ಜಾಗ. ಬಿಡಿಸಿದ್ದನ್ನು ಹೊತ್ತು ಹಾಕಿ, ದೂರದ ಹೊಲದಿಂದ ಮತ್ತೆರಡು ಹೊರೆ ತರುವವರೆಗೆ ಎಲ್ಲರೂ ಕೈಕಟ್ಟಿ ಕೂರಬೇಕು. ಕೂಲಿ ಮಾತ್ರ ಎಂಟು ಮಂದಿಗೂ ಕೊಡಬೇಕು.

ಹಾಗಾದರೆ ಕೋರ್‌ಗಳು ವ್ಯರ್ಥವೇ? ಹಾಗಲ್ಲ. 2005ಕ್ಕೆ ಹಿಂದೆ ಸಾಮಾನ್ಯ ಗಣಕಯಂತ್ರದ ಪ್ರೊಸೆಸರಿನಲ್ಲಿ ಇದ್ದದ್ದು ಒಂದೇ ಕೋರ್. ಅದರ ವೇಗವನ್ನೇ ಹೆಚ್ಚಿಸುತ್ತ ಹೋದಾಗ ಶಾಖ ತಡೆಯಲಾಗದಂತಾಗಿ, ಸಂಖ್ಯೆಯನ್ನು ಹೆಚ್ಚಿಸುವ ದಾರಿ ಹಿಡಿದರು. ಚಿತ್ರ ತಿದ್ದುವ ತಂತ್ರಾಂಶವು ಚಿತ್ರವನ್ನು ಚೌಕಚೌಕವಾಗಿ ಕತ್ತರಿಸಿ ಒಂದೊಂದು ಕೋರ್‌ಗೆ ಒಂದೊಂದನ್ನು ಹಂಚುತ್ತದೆ. ಹಿಂದೂಪುರದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸದಂತೆ ಇದು. ನನ್ನ ರಾಶಿ ನನಗೆ, ನಿನ್ನ ರಾಶಿ ನಿನಗೆ. ಚಿತ್ರವಿಡೀ ಬೆಳಕು ಹೆಚ್ಚಿಸುವಾಗ ಹೀಗೆಯೇ ಆಗುತ್ತದೆ. ಆದರೆ ಬೆಲ್ಲ ಕಾಯಿಸುವ ಕೊಪ್ಪರಿಗೆಯ ಸುತ್ತ ಹತ್ತು ಮಂದಿ ನಿಂತರೂ ಪಾಕ ಬೇಗ ಬರುವುದಿಲ್ಲ. ಒಂದು ಹೆಜ್ಜೆ ಮುಗಿದ ಮೇಲೆಯೇ ಮುಂದಿನದು ಎಂಬ ಕೆಲಸಗಳು ಚಿತ್ರ ತಿದ್ದುವುದರಲ್ಲಿಯೂ ಹಲವು. ಜೀನ್ ಆಮ್ಡಾಲ್ ಎಂಬ ಅಮೆರಿಕದ ತಜ್ಞರು 1967ರಲ್ಲಿಯೇ ಈ ಮಿತಿಯನ್ನು ಎತ್ತಿ ತೋರಿಸಿದರು. ಹತ್ತು ನಿಮಿಷದ ಕೆಲಸದಲ್ಲಿ ಐದು ನಿಮಿಷದಷ್ಟು ಮಾತ್ರ ಹಂಚಲು ಬರುವುದಾದರೆ, ಎಂಟು ಕೋರ್ ಇದ್ದರೂ ಐದೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ನೂರು ಕೋರ್ ಇದ್ದರೂ ಐದಕ್ಕಿಂತ ಕೆಳಗಿಳಿಯದು.

ಆದ್ದರಿಂದ ಇದ್ದ ಹಣದಲ್ಲಿ ನಾಲ್ಕೋ ಆರೋ ಕೋರ್ ಸಾಕೆಂದು ಹೇಳಿ, ರ್‍ಯಾಮನ್ನು 16 ಜಿಬಿಗೆ ಏರಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದನ್ನೂ 8ರ ಎರಡು ಪಟ್ಟಿಗಳಾಗಿ ಹಾಕಿಸಿದರೆ ಒಳ್ಳೆಯದು. ಎರಡು ಬಾಗಿಲುಗಳಿಂದ ಸರಕು ಸಾಗಿದಂತೆ ಆಗುತ್ತದೆ. ತಿರುಗುವ ಡಿಸ್ಕಿಗೆ ಬದಲು ಎಸ್‌ಎಸ್‌ಡಿ ಇರಲಿ, ಚಿಕ್ಕದಾದರೂ ಚಿಂತೆಯಿಲ್ಲ. ತಂತ್ರಾಂಶಕ್ಕೆ ಹಣ ಕೊಡಬೇಕಾಗಿಯೇ ಇಲ್ಲ. 1996ರಿಂದ ಉಚಿತವಾಗಿ ದೊರೆಯುತ್ತಿರುವ ಗಿಂಪ್ ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು. ಎಷ್ಟು ರ್‍ಯಾಮ್ ಬಳಸಬೇಕು, ಎಷ್ಟು ಕೋರ್‌ಗಳಿಗೆ ಕೆಲಸ ಹಂಚಬೇಕು ಎಂಬುದನ್ನು ಅದರಲ್ಲಿ ನಾವೇ ನಿಗದಿ ಮಾಡಬಹುದು. ಒಂಬತ್ತನೆಯ ತರಗತಿಯವರು ಅದನ್ನು ಬದಲಿಸಿ ಬದಲಿಸಿ ಗಡಿಯಾರ ಹಿಡಿದು ನೋಡಲಿ. ಅಂದ ಹಾಗೆ, ಪೂರ್ತಿ ಅಳಿಸಿದ ಮುಖವನ್ನು ಯಂತ್ರದ ಊಹೆಯಿಂದ ತುಂಬಿಸುವುದು ಮಾತ್ರ ಬೇಡ. ಯಾರದೋ ಮಗನಿಗೆ ಯಾರದೋ ಮೂಗು ಅಂಟಿಸಿದಂತಾದೀತು.

ಅಂದು ಕಲ್ಯಾಣದುರ್ಗದಿಂದ ಕಡೆಯ ಬಸ್ಸಿಗೆ ಹೊರಡುವ ವೇಳೆಗೆ ಬೆಂಚಿನ ಮೇಲೆ ನಿಂತವರ ಸಾಲು ಮಾತ್ರ ಮುಗಿದಿತ್ತು. ನೆಲದ ಮೇಲೆ ಕುಳಿತವರ ಸಾಲು ಇನ್ನೂ ಹಾಗೆಯೇ ಇದೆ. ಚಿತ್ರವನ್ನು ಕಛೇರಿಯ ಬೀರುವಿನಲ್ಲಿ, ತೇವ ತಾಗದ ಮೇಲಿನ ಅರೆಯಲ್ಲಿ ಇಟ್ಟಿದ್ದೇವೆ.