ಇನ್ನೂ ನಿರ್ಧರಿಸದ ಮತದಾರ ಬಂಧುಗಳಲ್ಲಿ ವಿನಂತಿ

ಬೆಳ್ಮಣ್, ನಂದಳಿಕೆ, ಬೋಳ, ಮುಂಡ್ಕೂರು ಕಡೆಯ ಬಂಧುಗಳೇ,

ಯಾವ ಪಕ್ಷದ ಬಾವುಟವನ್ನೂ ಹಿಡಿಯದೆ, ಆ ಹೊತ್ತಿಗೆ ಸರಿ ಕಂಡವರಿಗೆ ವೋಟು ಹಾಕುವವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಈ ಮಾತು ಅವರಿಗಾಗಿ. ಪಕ್ಷಗಳ ಲೆಕ್ಕದಲ್ಲಿ ನಿಮ್ಮ ಬೆಲೆ ಎಷ್ಟು ದೊಡ್ಡದೆಂದು ನಿಮಗೇ ತಿಳಿದಿಲ್ಲ ಎಂಬುದು ನನ್ನ ಕಳವಳ.

2023ರ ಮೇ ತಿಂಗಳಲ್ಲಿ ನಮ್ಮ ಕಾರ್ಕಳ ಕ್ಷೇತ್ರದಲ್ಲಿ ಬಿಜೆಪಿಯ ವಿ. ಸುನಿಲ್ ಕುಮಾರ್ ಅವರು ಕಾಂಗ್ರೆಸ್ಸಿನ ಉದಯ ಶೆಟ್ಟಿ ಮುನಿಯಾಲು ಅವರೆದುರು ಗೆದ್ದದ್ದು 4,602 ಮತಗಳಿಂದ. ಅದೇ ಸುನಿಲ್ ಕುಮಾರ್ 2018ರಲ್ಲಿ ಗೆದ್ದ ಅಂತರ 42 ಸಾವಿರಕ್ಕೂ ಮಿಕ್ಕಿತ್ತು. 2023ರಲ್ಲಿ 2,302 ಮಂದಿ ಗೆದ್ದವರ ಕಡೆಯಿಂದ ಸೋತವರ ಕಡೆಗೆ ಬಂದಿದ್ದರೆ ಫಲಿತಾಂಶವೇ ಬೇರೆ. ಕ್ಷೇತ್ರದ ಸುಮಾರು ಇನ್ನೂರು ಬೂತುಗಳಿಗೆ ಹಂಚಿದರೆ ಬೂತಿಗೆ ಹನ್ನೊಂದೋ ಹನ್ನೆರಡೋ ಜನ. ಮದುವೆ ಊಟದ ಒಂದು ಪಂಕ್ತಿಗೂ ಸಾಲದಷ್ಟು!

ಕರಾವಳಿಯ ವೋಟು ಮೊದಲೇ ತೀರ್ಮಾನವಾಗಿರುತ್ತದೆ ಎನ್ನುವವರು ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವನ್ನು ನೋಡಬೇಕು. ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾಗಿ ಬಿಟ್ಟುಕೊಟ್ಟ ಸ್ಥಾನಕ್ಕೆ 2012ರಲ್ಲಿ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ ಗೆದ್ದರು. ಎರಡೇ ವರ್ಷದಲ್ಲಿ ಅದೇ ಮತದಾರರು ಬಿಜೆಪಿಯ ಶೋಭಾ ಕರಂದ್ಲಾಜೆಯವರನ್ನು ಭಾರೀ ಅಂತರದಿಂದ ಆರಿಸಿದರು. ತೂಗಿ ನೋಡಿ ಬದಲಾಯಿಸುವ ಜನ ಇಲ್ಲಿ ಇದ್ದೇ ಇದ್ದಾರೆ.

ಪಕ್ಷದವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಮತದಾರರ ಪಟ್ಟಿಯ ಒಂದೊಂದು ಪುಟಕ್ಕೂ ಜನ ನೇಮಿಸಿ, ಯಾರು ನಮ್ಮವರು, ಯಾರು ಅವರವರು, ಯಾರು ಡೌಟು ಎಂದು ಗುರುತು ಹಾಕುತ್ತಾರೆ. ನಮ್ಮವರ ಮನೆಗೆ ಒಂದು ಸಲ ಬಂದರೆ ಡೌಟಿನ ಮನೆಗೆ ಮೂರು ಸಲ. ಆ ಮನೆಗೆ ಬರುವವರೂ ಅಪರಿಚಿತರಲ್ಲ. ನಿಮ್ಮ ಭಜನಾ ಮಂಡಳಿಯವರೋ, ಯುವಕ ಮಂಡಲದವರೋ, ಹಾಲಿನ ಡೈರಿಯಲ್ಲಿ ದಿನಾ ಸಿಗುವವರೋ ಆಗಿರುತ್ತಾರೆ. ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, "ಈ ಸಲ ಒಂದು ನಮಗೆ ಮಾಡಿ ಮಾರಾಯ್ರೆ" ಎನ್ನುತ್ತಾರೆ. ಮುಂಬೈಯಲ್ಲಿರುವ ಮಗನಿಗೂ ಫೋನು ಹೋಗುತ್ತದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟ ದೇಣಿಗೆಯ ನೆನಪು ಮೆಲ್ಲಗೆ ಮಾತಿನ ನಡುವೆ ಬರುತ್ತದೆ. ಒಬ್ಬರು ಗ್ಯಾರಂಟಿ ಕಾರ್ಡು ಕೊಡುತ್ತಾರೆ, ಇನ್ನೊಬ್ಬರು ಧರ್ಮದ ಅಭಿಮಾನ ಕೆಣಕುತ್ತಾರೆ.

ಮನೆಗೆ ಬಂದು ವೋಟು ಕೇಳುವುದು ತಪ್ಪಲ್ಲ, ಅದು ಪ್ರಜಾಪ್ರಭುತ್ವದ ಸೊಗಸು. ಆದರೆ ಧರ್ಮ, ಜಾತಿಯ ಹೆಸರಿನಲ್ಲಿ ಮತ ಕೇಳುವುದು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟ ಚುನಾವಣಾ ಆಚರಣೆ. 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಮತದಾರನ ಧರ್ಮದ ಹೆಸರೆತ್ತಿದರೂ ಅದು ಅನ್ವಯಿಸುತ್ತದೆಂದು ಬಹುಮತದಿಂದ ಹೇಳಿದೆ. ಬಹಿರಂಗ ಪ್ರಚಾರ ನಿಂತ ಕೊನೆಯ 48 ಗಂಟೆಗಳಲ್ಲಿ ಮೊಬೈಲಿಗೆ ಬರುವ ಸಿಟ್ಟಿನ ವಿಡಿಯೋಗಳ ಗುರಿ ನಿಮ್ಮಂಥವರೇ. ದಯವಿಟ್ಟು ಅವನ್ನು ನೋಡಿದ ಬಿಸಿಯಲ್ಲಿ ಮನಸ್ಸು ಮಾಡಬೇಡಿ, ಮುಂದೆ ಕಳಿಸಲೂಬೇಡಿ.

ನಿಮ್ಮ ಶಕ್ತಿ ಏನೆಂದು ಊರು ಕಂಡಿದೆ. ಪಡುಬಿದ್ರಿ-ಕಾರ್ಕಳ ರಸ್ತೆಯಲ್ಲಿ ಟೋಲ್ ಗೇಟಿನ ಪ್ರಸ್ತಾಪ ಬಂದಾಗ ಬೆಳ್ಮಣ್‌ನ ಜನ ಪಕ್ಷ ನೋಡದೆ ಒಟ್ಟಾಗಿ ವಿರೋಧಿಸಿದರು. ಆ ಒಗ್ಗಟ್ಟು ಮತ ಕೇಳಲು ಬಂದವರೆದುರೂ ಇರಲಿ. 2021ರಲ್ಲೇ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಸದೆ ಬಿಟ್ಟದ್ದು ಯಾಕೆಂದು ಎರಡೂ ಪಕ್ಷದವರನ್ನು ಕೇಳಿ. ಆ ಅವಧಿಯಲ್ಲಿ ರಾಜ್ಯದ ಅಧಿಕಾರ ಇಬ್ಬರ ಕೈಯಲ್ಲೂ ಇತ್ತು. ಮಕ್ಕಳು ಉದ್ಯೋಗಕ್ಕೆ ಊರು ಬಿಡದಿರಲು ಏನು ಮಾಡುತ್ತೀರೆಂದು ಕೇಳಿ. ಉತ್ತರವನ್ನು ಬರೆದುಕೊಡಲು ಹೇಳಿ, ಆ ಕಾಗದವನ್ನು ಐದು ವರ್ಷ ಜೋಪಾನ ಮಾಡಿ. ಬರೆದುಕೊಡಲು ಒಪ್ಪದವರಿಗೆ ನಿಮ್ಮ ವೋಟು ಕೊಡಬೇಡಿ.