ಹರಳನ್ನು ಪರೀಕ್ಷಿಸುವ ಕಣ್ಣು ಏಜೆಂಟನನ್ನೇಕೆ ಪರೀಕ್ಷಿಸದು?

ಗೌರಿಬಿದನೂರು ತಾಲೂಕಿನ ಅಲೀಪುರ ರತ್ನದ ಹರಳುಗಳ ವ್ಯಾಪಾರಕ್ಕೆ ಹೆಸರಾದ ಊರು. ಹರಳಿನ ವ್ಯಾಪಾರಿ ಅದನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಬಿರುಕಿಲ್ಲವೆಂದು ಖಾತ್ರಿಯಾದ ಬಳಿಕವಷ್ಟೇ ಹಣ ಎಣಿಸುತ್ತಾನೆ. ಮಗನನ್ನು ವಿದೇಶಕ್ಕೆ ಕಳುಹಿಸುವಾಗ ಈ ಎಚ್ಚರ ಎಲ್ಲಿ ಅಡಗುತ್ತದೆ? ಅಲೀಪುರವೊಂದನ್ನೇ ನಾವು ದೂರುತ್ತಿಲ್ಲ. ಚಿಂತಾಮಣಿ, ಶಿಡ್ಲಘಟ್ಟಗಳ ನಮ್ಮ ಮನೆಗಳಲ್ಲೂ ಕೇಳಿಬರುವ ಮಾತು ಒಂದೇ: “ಅವನು ನಮ್ಮವನೇ, ಲಾಯರಂತೆ, ವೀಸಾ ಗ್ಯಾರಂಟಿ.”

ಲಾಯರಂತೆ! ವಕೀಲನೆಂದರೆ ಯಾರು? ಕಾನೂನು ಪದವಿ ಪಡೆದು, 1961ರ ವಕೀಲರ ಕಾಯ್ದೆಯಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿತನಾದವನು. ಅವನಿಗೊಂದು ನೋಂದಣಿ ಸಂಖ್ಯೆಯಿರುತ್ತದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ಅವನು ಜಾಹೀರಾತು ನೀಡಿ ಕಕ್ಷಿಗಾರರನ್ನು ಕರೆಯುವಂತಿಲ್ಲ. ಕೆಲಸ ಗೆದ್ದರೆ ಮಾತ್ರ ಶುಲ್ಕವೆಂಬ ಕರಾರನ್ನೂ ಮಾಡುವಂತಿಲ್ಲ. ಹಾಗಿರುವಾಗ ಗೋಡೆ ತುಂಬ ವಿದೇಶಿ ಧ್ವಜಗಳ ಫಲಕ ಹಾಕಿ, “ವೀಸಾ ಬಂದ ಮೇಲೆ ಉಳಿದ ಹಣ ಕೊಡಿ” ಎನ್ನುವವನು ಒಂದೋ ವಕೀಲನಲ್ಲ, ಇಲ್ಲವೇ ವಕೀಲನಾಗಿಯೂ ತನ್ನ ವೃತ್ತಿಯ ನಿಯಮವನ್ನೇ ಮುರಿಯುತ್ತಿರುವವನು.

ಇನ್ನೂ ಒಂದು ಮಾತು. ಇಲ್ಲಿ ನೋಂದಾಯಿತನಾದ ಮಾತ್ರಕ್ಕೆ ಕೆನಡಾದ ವಲಸೆ ಪ್ರಕರಣ ನಡೆಸುವ ಅಧಿಕಾರ ಸಿಗುವುದಿಲ್ಲ. ಹಣ ಪಡೆದು ಸಲಹೆ ನೀಡಲು ಅಲ್ಲಿನ ವಕೀಲರ ಸಂಸ್ಥೆಯ ಅಥವಾ ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನ ಪರವಾನಗಿ ಬೇಕು. ಈ ಕಾಲೇಜಿನ ಪಟ್ಟಿ ಯಾರಿಗೂ ತೆರೆದಿದೆ. ನಕಲಿ ದಾಖಲೆ ಸಲ್ಲಿಸಿದ್ದು ಬಯಲಾದರೆ 5 ವರ್ಷಗಳ ಪ್ರವೇಶ ನಿಷೇಧ ಬೀಳುವುದು ಅರ್ಜಿದಾರನ ಮೇಲೆ. ನಕಲಿ ಪ್ರವೇಶ ಪತ್ರ ನಂಬಿ ಹೋದ ಪಂಜಾಬಿನ ವಿದ್ಯಾರ್ಥಿಗಳು 2023ರಲ್ಲಿ ಗಡೀಪಾರಿನ ಅಂಚಿಗೆ ತಲುಪಿದ್ದು ಹೀಗೆಯೇ.

ಇರಾನಿನ ಸಂಗತಿ ನಮ್ಮ ಊರಿಗೆ ಹೆಚ್ಚು ಹತ್ತಿರದ್ದು. ಅಲೀಪುರದ ಮಕ್ಕಳು ಓದಲೆಂದು ಅಲ್ಲಿಗೆ ಹೋಗುವುದು ಹೊಸತೇನಲ್ಲ. 2025ರ ಜೂನ್‌ನಲ್ಲಿ ಇಸ್ರೇಲ್ ದಾಳಿ ನಡೆಸಿದಾಗ ಊರಿನ ಎಷ್ಟೋ ಮನೆಗಳು ನಿದ್ರೆಗೆಟ್ಟವು. ಭಾರತೀಯ ಪ್ರವಾಸಿಗಳಿಗೆ 2024ರ ಫೆಬ್ರವರಿಯಲ್ಲಿ ದೊರೆತ ವೀಸಾ ವಿನಾಯಿತಿಯನ್ನು ಇರಾನ್ 2025ರ ನವೆಂಬರ್ 22ರಿಂದ ತಡೆಹಿಡಿಯಿತು. ಏಕೆ? ಉದ್ಯೋಗದ ಅಥವಾ ಮೂರನೆಯ ದೇಶಕ್ಕೆ ದಾಟಿಸುವ ಆಮಿಷವೊಡ್ಡಿ ಏಜೆಂಟರು ಕರೆದೊಯ್ದವರನ್ನು ಅಪಹರಿಸಿ ಒತ್ತೆಹಣ ಕೇಳಲಾಗಿತ್ತು. ದುಷ್ಟ ಏಜೆಂಟನ ಪಾಪಕ್ಕೆ ಪ್ರಾಮಾಣಿಕ ಯಾತ್ರಿಕನೂ ಬೆಲೆ ತೆತ್ತನು.

ಕೊಲ್ಲಿಯ ಉದ್ಯೋಗಕ್ಕೆ ಕಳುಹಿಸುವವರಿಗೆ 1983ರ ವಲಸೆ ಕಾಯ್ದೆಯ ನೋಂದಣಿ ಕಡ್ಡಾಯ. ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಲಕ್ಷಗಳನ್ನು ಎಣಿಸಿ ಕೊಟ್ಟು, ರಸೀದಿ ಕೇಳಿದರೆ ಸಂಬಂಧ ಕೆಟ್ಟೀತೆಂದು ಸಂಕೋಚಪಡುತ್ತೇವಲ್ಲ! ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ ಆದೇಶಿಸಿದ್ದು ಅಪರಿಚಿತರೊಡನೆ ಮಾತ್ರವೇ? ಸರಕಾರದ ಪಾಲೂ ಇಲ್ಲದಿಲ್ಲ. ನೋಂದಣಿಯಿಲ್ಲದ ಏಜೆಂಟನಿಗೆ ಈ ಕಾಯ್ದೆ ವಿಧಿಸುವ ದಂಡ ಹೆಚ್ಚೆಂದರೆ 2,000 ರೂಪಾಯಿ, ಸೆರೆವಾಸ 2 ವರ್ಷ. ಇಂತಹ ದಂಡಕ್ಕೆ ಯಾರು ಹೆದರಿಯಾರು?

ಮಕ್ಕಳನ್ನು ಇಂಜಿನಿಯರ್, ವೈದ್ಯರನ್ನಾಗಿಸಲು ಹೊಲ ಮಾರುವ ನಾವು ಕಾನೂನು ಕಾಲೇಜಿನತ್ತ ತಿರುಗಿಯೂ ನೋಡುವುದಿಲ್ಲ. ವಲಸೆ ಕಾನೂನನ್ನು ಶ್ರದ್ಧೆಯಿಂದ ಕಲಿತ ಒಬ್ಬ ತರುಣ ವಕೀಲ ಅಥವಾ ವಕೀಲೆ ವಾರಕ್ಕೊಮ್ಮೆ ಜಮಾಅತ್ ಕಚೇರಿಯಲ್ಲಿ ಕುಳಿತು ಈ ಕಾಗದಗಳನ್ನು ಓದಿ ಹೇಳುವ ಏರ್ಪಾಡನ್ನು ಮಾಡಲು ನಮ್ಮ ಜಮಾಅತ್‌ಗಳಿಗೆ ಇರುವ ಅಡ್ಡಿಯಾದರೂ ಏನು? ಮದುವೆಗೆ ದಫ್ತರವಿದೆ, ಚಂದಾಕ್ಕೆ ದಫ್ತರವಿದೆ. ಊರಿನಿಂದ ಯಾರು, ಯಾವ ಏಜೆಂಟನ ಮೂಲಕ, ಎಷ್ಟು ಹಣ ಕೊಟ್ಟು, ಯಾವ ದೇಶಕ್ಕೆ ಹೋದರೆಂಬ ದಫ್ತರವನ್ನು ಮುಂದಿನ ಶುಕ್ರವಾರದಿಂದಲೇ ತೆರೆಯಬಹುದು.