ಅಜೆರಾತ್‌ನ ಅಲ್ಪಸಂಖ್ಯಾತರ ಅರಣ್ಯರೋದನ

ಎರಡು ಬಣಗಳ ಕಾದಾಟವನ್ನೇ ಬಂಡವಾಳವಾಗಿಸಿಕೊಂಡ ಆಟವೊಂದರಲ್ಲಿ ಒಂದು ಬಣದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾ ಹೋದರೆ ಅದು ಯಾರ ಹೊಣೆ? ಬಿಟ್ಟು ಹೋದವರದ್ದೇ, ಸೆಳೆದುಕೊಂಡವರದ್ದೇ ಅಥವಾ ಆಟ ನಡೆಸುವ ಸಂಸ್ಥೆಯದ್ದೇ? ಜಗತ್ತಿನ ಅತಿ ಜನಪ್ರಿಯ ಆನ್‌ಲೈನ್ ಆಟಗಳಲ್ಲೊಂದಾದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಈ ಪ್ರಶ್ನೆಗೆ ನೇರ ಉತ್ತರ ಕೊಡಲು ಹದಿನೇಳು ವರ್ಷಗಳಿಗೂ ಹೆಚ್ಚು ಕಾಲ ತೆಗೆದುಕೊಂಡಿತು. 2004ರ ನವೆಂಬರ್ 23ರಂದು ಆರಂಭವಾದ ಈ ಆಟದಲ್ಲಿ ಅಲಯನ್ಸ್ ಮತ್ತು ಹೋರ್ಡ್ ಬಣಗಳ ಆಟಗಾರರು ಒಂದೇ ತಂಡದಲ್ಲಿ ಕೂಡಿ ಆಡಲು ಅಧಿಕೃತ ಅನುಮತಿ ದೊರೆತದ್ದು 2022ರ ಮೇ 31ರಂದು. ಅಮೆರಿಕದ ಬ್ಲಿಝಾರ್ಡ್ ಎಂಟರ್‌ಟೈನ್‌ಮೆಂಟ್ ಸಂಸ್ಥೆ ಇದನ್ನು ಸ್ನೇಹಿತರನ್ನು ಒಂದುಗೂಡಿಸುವ ಕ್ರಮವೆಂದು ಬಣ್ಣಿಸಿತು. ಅಲಯನ್ಸ್‌ನ ಹಳೆಯ ಆಟಗಾರರ ಪಾಲಿಗೆ ಮಾತ್ರ ಅದು ಬಹಳ ತಡವಾಗಿ ಬಂದ ಪರಿಹಾರವಾಗಿತ್ತು.

ಆಟದ ಪರಿಚಯವಿಲ್ಲದ ಓದುಗರಿಗಾಗಿ ಒಂದೆರಡು ಮಾತು. ಅಜೆರಾತ್ ಎಂಬ ಕಾಲ್ಪನಿಕ ಜಗತ್ತಿಗೆ ಕಾಲಿಡುವ ಪ್ರತಿಯೊಬ್ಬರೂ ತಮ್ಮ ಪಾತ್ರ ಸೃಷ್ಟಿಸುವಾಗಲೇ ಬಣವನ್ನೂ ಆರಿಸಿಕೊಳ್ಳಬೇಕು. ಮನುಷ್ಯರು, ಕುಬ್ಜರು, ನೈಟ್ ಎಲ್ಫ್‌ಗಳು ಅಲಯನ್ಸ್‌ಗೆ ಸೇರಿದರೆ, ಓರ್ಕ್, ಟ್ರೋಲ್, ಟಾರೆನ್‌ಗಳು ಹೋರ್ಡ್‌ಗೆ. ಎರಡರ ನಡುವಿನ ಗೋಡೆ ಎಷ್ಟು ಭದ್ರವಾಗಿತ್ತೆಂದರೆ, ಒಬ್ಬ ಬರೆದ ಮಾತು ಎದುರು ಬಣದವನ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳಾಗಿ ಮೂಡುತ್ತಿತ್ತು. 2010ರಲ್ಲಿ ಈ ಆಟದ ಚಂದಾದಾರರ ಸಂಖ್ಯೆ 1.2 ಕೋಟಿ ಮುಟ್ಟಿತ್ತು. ತಿಂಗಳಿಗೆ ಸುಮಾರು 15 ಡಾಲರ್ ತೆತ್ತು ಆಡುವವರ ಸಮುದಾಯವಿದು. ಹೀಗಾಗಿ ಇಲ್ಲಿನ ದೂರುಗಳನ್ನು ಪುಕ್ಕಟೆ ಮನರಂಜನೆಯ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ.

ಅಲ್ಪಸಂಖ್ಯಾತ ಎಂಬ ಪದಕ್ಕೆ ನಮ್ಮ ಸಮಾಜದಲ್ಲಿರುವ ಭಾರ ಇಲ್ಲಿಲ್ಲ, ನಿಜ. ಹುಟ್ಟಿನಿಂದ ಬಂದದ್ದಲ್ಲ, ತಾನೇ ಆರಿಸಿಕೊಂಡದ್ದು. ಆದರೆ ಆರಿಸಿಕೊಂಡ ದಿನ ಆ ಬಣ ಅಲ್ಪಸಂಖ್ಯಾತವಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಅಂದು ಕೇಳಿಸಿದ ದೂರು

ಸ್ವಾರಸ್ಯವೆಂದರೆ ಆರಂಭದ ವರ್ಷಗಳಲ್ಲಿ ಪರಿಸ್ಥಿತಿ ತಿರುಗುಮುರುಗಾಗಿತ್ತು. ಚೆಲುವಾದ ಮುಖಗಳೆಲ್ಲ ಅಲಯನ್ಸ್‌ನಲ್ಲೇ ಇದ್ದ ಕಾರಣ ಹೊಸಬರು ಅತ್ತಲೇ ವಾಲುತ್ತಿದ್ದರು. ಕೋರೆಹಲ್ಲಿನ ಓರ್ಕ್‌ಗಳ ಹೋರ್ಡ್ ಅನೇಕ ಸರ್ವರ್‌ಗಳಲ್ಲಿ ಸೊರಗಿತ್ತು. ಸಂಸ್ಥೆ ಕೈಕಟ್ಟಿ ಕೂರಲಿಲ್ಲ. 2007ರ ಜನವರಿಯಲ್ಲಿ ಬಿಡುಗಡೆಯಾದ 'ದಿ ಬರ್ನಿಂಗ್ ಕ್ರುಸೇಡ್' ವಿಸ್ತರಣೆಯಲ್ಲಿ ಬ್ಲಡ್ ಎಲ್ಫ್ ಎಂಬ ಸುಂದರ ಜನಾಂಗವನ್ನು ಹೋರ್ಡ್‌ಗೆ ಕೊಟ್ಟಿತು. ಅದುವರೆಗೆ ಅಲಯನ್ಸ್‌ಗಷ್ಟೇ ಮೀಸಲಾಗಿದ್ದ ಪ್ಯಾಲಡಿನ್ ವರ್ಗವೂ ಅವರೊಂದಿಗೆ ಹೋಯಿತು. ಪ್ರತಿಯಾಗಿ ಹೋರ್ಡ್‌ನ ಶಾಮನ್ ವರ್ಗ ಅಲಯನ್ಸ್‌ಗೆ ದಕ್ಕಿತು. ಎರಡೇ ವರ್ಷಗಳಲ್ಲಿ ಹೋರ್ಡ್‌ನ ದೂರಿಗೆ ಬಹುಮಟ್ಟಿಗೆ ಉತ್ತರ ಸಿಕ್ಕಿತ್ತು. ಮುಂದೆ ಅಲಯನ್ಸ್‌ನ ಸರದಿ ಬಂದಾಗ ಇದೇ ಚುರುಕು ಕಾಣಲಿಲ್ಲ ಎಂಬುದೇ ಈ ಕಥೆಯ ತಿರುಳು.

ಅಲಯನ್ಸ್ ಸೊರಗಿದ್ದು ದ್ವೇಷದಿಂದಲ್ಲ, ಲೆಕ್ಕಾಚಾರದಿಂದ. ಆಟದ ಪ್ರತಿ ಜನಾಂಗಕ್ಕೂ ಹುಟ್ಟುಗುಣದಂತೆ ಒಂದೆರಡು ವಿಶೇಷ ಶಕ್ತಿಗಳಿವೆ. 2008ರಲ್ಲಿ ಮನುಷ್ಯ ಜನಾಂಗಕ್ಕೆ ದೊರೆತ, ಬಂಧನದಿಂದ ಬಿಡಿಸಿಕೊಳ್ಳುವ ಶಕ್ತಿಯೊಂದು ಅಖಾಡದ ಕಾಳಗದಲ್ಲಿ ತೊಡಗಿದ್ದವರನ್ನು ಅಲಯನ್ಸ್‌ನತ್ತ ಎಳೆದದ್ದೂ ಉಂಟು. ಆದರೆ ರೇಡ್ ಎಂದು ಕರೆಯಲಾಗುವ, ದೈತ್ಯ ಶತ್ರುಗಳ ವಿರುದ್ಧದ ಸಾಮೂಹಿಕ ದಂಡಯಾತ್ರೆಗಳಲ್ಲಿ ಹೋರ್ಡ್ ಜನಾಂಗಗಳ ಶಕ್ತಿಗಳೇ ಹೆಚ್ಚು ಉಪಯುಕ್ತವೆನಿಸಿದವು. ವ್ಯತ್ಯಾಸ ಕೂದಲೆಳೆಯಷ್ಟು. ವಿಶ್ವದ ಮೊದಲ ಸ್ಥಾನಕ್ಕೆ ಪೈಪೋಟಿ ನಡೆಸುವ ಬೆರಳೆಣಿಕೆಯ ಗಿಲ್ಡ್‌ಗಳಿಗೆ ಕೂದಲೆಳೆಯೂ ದೊಡ್ಡದೇ. ಅವು ಹೋರ್ಡ್‌ನತ್ತ ನಡೆದವು. ಅವುಗಳನ್ನು ಸೇರುವ ಆಸೆಯುಳ್ಳ ಎರಡನೇ ಸಾಲಿನವರು ಹಿಂದೆಯೇ ಹೊರಟರು. ಅವರ ಜಾಗ ತುಂಬುವವರಿಲ್ಲದೆ ಮೂರನೇ ಸಾಲಿನ ಗಿಲ್ಡ್‌ಗಳು ಒಡೆದವು. ಇವರಲ್ಲಿ ಹೆಚ್ಚಿನವರಿಗೆ ಆ ಜನಾಂಗಶಕ್ತಿಯಿಂದ ಯಾವ ಲಾಭವೂ ಆಗುತ್ತಿರಲಿಲ್ಲ. ಜೊತೆಗಾರರು ಸಿಗುವ ಕಡೆ ಹೋಗುವುದಷ್ಟೇ ಅವರಿಗೆ ಬೇಕಿತ್ತು.

ಇಲ್ಲಿ ಸಂಖ್ಯೆ ಏಕೆ ಇಷ್ಟು ಮುಖ್ಯವೆಂದರೆ, ಅತಿ ಕಠಿಣವಾದ 'ಮಿಥಿಕ್' ಹಂತದ ರೇಡ್ 2014ರಿಂದ ಇಪ್ಪತ್ತು ಮಂದಿಯ ತಂಡಕ್ಕೆಂದೇ ರೂಪಿತವಾಗಿದೆ. ಹತ್ತೊಂಬತ್ತು ಮಂದಿ ಹಾಜರಿದ್ದು ಒಬ್ಬ ಗೈರಾದರೂ ಆ ರಾತ್ರಿಯ ಕಾರ್ಯಕ್ರಮಕ್ಕೆ ಕುತ್ತು. ವರ್ಷಗಳಿಂದ ಒಟ್ಟಿಗೆ ಆಡಿದ, ಒಬ್ಬರನ್ನೊಬ್ಬರು ದನಿಯಿಂದಲೇ ಗುರುತಿಸುವ ಗೆಳೆಯರ ಗುಂಪೊಂದು ಇಬ್ಬರು ಮೂವರ ಕೊರತೆಯಿಂದ ಬಾಗಿಲು ಮುಚ್ಚುವುದು ಹೀಗೆ. ಉಳಿದವರಿಗಿದ್ದ ದಾರಿ ಎರಡೇ: ಆಟವನ್ನೇ ಬಿಡುವುದು, ಇಲ್ಲವೇ ಹಣ ಕೊಟ್ಟು ಬಣ ಬದಲಿಸುವುದು.

2009ರಲ್ಲಿ ಸಂಸ್ಥೆ ಆರಂಭಿಸಿದ ಬಣ ಬದಲಾವಣೆ ಸೇವೆಯ ದರ ಒಂದು ಪಾತ್ರಕ್ಕೆ 30 ಡಾಲರ್. ಸರ್ವರ್ ಬದಲಿಸಲು ಬೇರೆ 25 ಡಾಲರ್. ಸಂಸ್ಥೆ ಬೇಕೆಂದೇ ಅಸಮತೋಲನ ಬೆಳೆಸಿತು ಎನ್ನಲು ಆಧಾರವಿಲ್ಲ. ಆದರೆ ಬಲಹೀನ ಬಣದಿಂದ ಬಲಿಷ್ಠ ಬಣಕ್ಕೆ ಹಾರುವ ಪ್ರತಿಯೊಬ್ಬನಿಂದಲೂ ಖಜಾನೆಗೆ ಹಣ ಸೇರುತ್ತಿರುವಾಗ, ಆ ವಲಸೆಯನ್ನು ತಡೆಯುವ ಅವಸರ ಯಾರಿಗಿರುತ್ತದೆ?

ಸರಾಸರಿಯ ಮರೆಯಲ್ಲಿ

ಒಟ್ಟು ಪಾತ್ರಗಳ ಲೆಕ್ಕ ತೆಗೆದರೆ ಎರಡು ಬಣಗಳ ನಡುವೆ ಅಂಥ ದೊಡ್ಡ ಅಂತರವೇನೂ ಕಾಣುತ್ತಿರಲಿಲ್ಲ. ಸಮಸ್ಯೆ ಅಡಗಿ ಕುಳಿತದ್ದು ಈ ಸರಾಸರಿಯ ಮರೆಯಲ್ಲೇ. ಯಾರೂ ಒಟ್ಟು ಜಗತ್ತಿನಲ್ಲಿ ಆಡುವುದಿಲ್ಲ. ಒಂದು ಸರ್ವರ್‌ನಲ್ಲಿ, ಒಂದು ಮಟ್ಟದಲ್ಲಿ, ದಿನದ ಒಂದು ಹೊತ್ತಿನಲ್ಲಿ ಆಡುತ್ತಾರೆ. ಅಲ್ಲಿ ಅಂತರ ಕಣ್ಣಿಗೆ ರಾಚುತ್ತಿತ್ತು. 2018ರ 'ಬ್ಯಾಟಲ್ ಫಾರ್ ಅಜೆರಾತ್' ಅವಧಿಯಲ್ಲಿ ಪ್ರತಿ ಬಣದ ಮೊದಲ 100 ಗಿಲ್ಡ್‌ಗಳ ಹೆಸರನ್ನು ಕೀರ್ತಿ ಫಲಕದಲ್ಲಿ ದಾಖಲಿಸುವ ಪದ್ಧತಿ ಬಂದಿತು. ಎರಡೂ ಪಟ್ಟಿಗಳು ತುಂಬುವವರೆಗೆ ಬೇರೆ ಬೇರೆ ಸರ್ವರ್‌ಗಳ ಆಟಗಾರರು ಕೂಡಿ ಮಿಥಿಕ್ ರೇಡ್ ಆಡುವಂತಿರಲಿಲ್ಲ. ಹೋರ್ಡ್ ಪಟ್ಟಿ ಮೊದಲೇ ತುಂಬಿ, ಅಲಯನ್ಸ್ ಪಟ್ಟಿಗಾಗಿ ಎಲ್ಲರೂ ಕಾಯುವಂತಾಯಿತು. ಸಂಸ್ಥೆ ತಾನೇ ನೇತುಹಾಕಿದ ಫಲಕ ಅದರ ನಿರ್ಲಕ್ಷ್ಯಕ್ಕೆ ಸಾಕ್ಷಿ ನುಡಿಯಿತು.

2004ರ ಕಾಲದ ಆಟವನ್ನೇ ಮರುಸೃಷ್ಟಿಸಿದ 'ಕ್ಲಾಸಿಕ್' ಆವೃತ್ತಿ 2019ರ ಆಗಸ್ಟ್‌ನಲ್ಲಿ ಬಂದಾಗ ಚಿತ್ರ ಇನ್ನಷ್ಟು ಕಟುವಾಯಿತು. ಅದೇ ನವೆಂಬರ್‌ನಲ್ಲಿ ಎದುರು ಬಣದವರನ್ನು ಕೊಂದರೆ ಗೌರವಾಂಕ ನೀಡುವ ವ್ಯವಸ್ಥೆ ಜಾರಿಗೆ ಬಂತು. ಯುರೋಪಿನ ಫ್ಲೇಮ್‌ಲ್ಯಾಶ್ ಸರ್ವರ್‌ನಲ್ಲಿ ಹೋರ್ಡ್ ಗುಂಪುಗಳು ಹಾದಿಬೀದಿಗಳನ್ನು, ಪ್ರಯಾಣದ ತಾಣಗಳನ್ನು ಸುತ್ತುವರಿದವು. ಇಳಿದಲ್ಲೇ ಸಾವು, ಎದ್ದಲ್ಲೇ ಸಾವು. ಅಲಯನ್ಸ್ ಆಟಗಾರರು ಸಾಮೂಹಿಕವಾಗಿ ಗುಳೆ ಹೊರಟರು. ಸರ್ವರ್ ಬಹುತೇಕ ಹೋರ್ಡ್‌ಮಯವಾಯಿತು. ಇಂಥ ಅಸಮತೋಲನ ತೀವ್ರವಾಗಿದ್ದ ಕೆಲವು ಸರ್ವರ್‌ಗಳಿಂದ ಸಣ್ಣ ಬಣದವರು ಉಚಿತವಾಗಿ ಹೊರಹೋಗಲು ಸಂಸ್ಥೆ ಬಾಗಿಲು ತೆರೆಯಿತು. ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸವೂ ಇದಲ್ಲ. ಮನೆಯವರನ್ನು ಹೊರಗೆ ಕರೆದು ಮನೆಯನ್ನು ಉರಿಯಲು ಬಿಟ್ಟಂತೆ. ಮುಂದೆ ಅಮೆರಿಕದ ಬೆನೆಡಿಕ್ಷನ್ ಸರ್ವರ್ ಅಲಯನ್ಸ್‌ನ, ಫೇರ್ಲೀನಾ ಹೋರ್ಡ್‌ನ ಏಕಪಕ್ಷೀಯ ಕೋಟೆಗಳಾದವು. ಯುದ್ಧದ ಹೆಸರಿನಲ್ಲಿ ಕಟ್ಟಿದ ಸರ್ವರ್‌ಗಳಲ್ಲಿ ಶತ್ರುವೇ ಇಲ್ಲ!

ಇದಕ್ಕೂ ಮುನ್ನ ಆಮಿಷದ ದಾರಿಯನ್ನೂ ಸಂಸ್ಥೆ ಹಿಡಿದು ನೋಡಿತ್ತು. 2018ರ ಕೊನೆಯಲ್ಲಿ, ಬಯಲಿನ ಕಾದಾಟಕ್ಕೆ ಒಪ್ಪಿ ಬರುವ 'ವಾರ್ ಮೋಡ್' ವ್ಯವಸ್ಥೆಯಲ್ಲಿ ಸಣ್ಣ ಬಣಕ್ಕೆ ಸಿಗುವ ಹೆಚ್ಚುವರಿ ಫಲವನ್ನು ಶೇ. 10ರಿಂದ ಶೇ. 30ರವರೆಗೆ ಏರಿಸಲಾಯಿತು. 25 ಹೋರ್ಡ್ ಆಟಗಾರರನ್ನು ಕೊಂದ ಅಲಯನ್ಸ್ ಆಟಗಾರನಿಗೆ ಉತ್ತಮ ದರ್ಜೆಯ ಆಯುಧ ಕವಚಗಳ ಬಹುಮಾನವೂ ಇತ್ತು. ಬಹುಮಾನಕ್ಕಾಗಿ ಬಂದವರು ದೊಡ್ಡ ಗುಂಪು ಕಟ್ಟಿ ಬಂದರು, ಎಣಿಕೆ ಮುಗಿದೊಡನೆ ಹೊರಟರು. ಹೋರ್ಡ್‌ನವರಿಗೆ ಇದು ಪಕ್ಷಪಾತವೆನಿಸಿತು. ಗಿಲ್ಡ್ ಕಟ್ಟಲು ಬೇಕಾದ ಇಪ್ಪತ್ತನೆಯ ಮನುಷ್ಯ ಮಾತ್ರ ಅಲಯನ್ಸ್‌ಗೆ ಸಿಗಲಿಲ್ಲ.

ಸಂಖ್ಯೆಯ ಗಾಯದ ಮೇಲೆ ಕಥೆಯ ಉಪ್ಪು ಬೇರೆ. 2010ರಲ್ಲಿ ಸೌತ್‌ಶೋರ್ ಪಟ್ಟಣ, 2012ರಲ್ಲಿ ಥೆರಮೋರ್, 2018ರಲ್ಲಿ ನೈಟ್ ಎಲ್ಫ್‌ಗಳ ತವರಾದ ಟೆಲ್ಡ್ರಾಸಿಲ್ ಮಹಾವೃಕ್ಷ: ಕಥಾನಕದಲ್ಲಿ ಸುಟ್ಟು ಬೂದಿಯಾದದ್ದು, ನಾಶವಾದದ್ದು ಸಾಲುಸಾಲಾಗಿ ಅಲಯನ್ಸ್ ನೆಲೆಗಳು. ಅಂಡರ್‌ಸಿಟಿ ಎಂಬ ತನ್ನ ನಗರವನ್ನು ಹೋರ್ಡ್ ಕೂಡ ಕಳೆದುಕೊಂಡಿತಾದರೂ ಅದನ್ನು ವಿಷಮಯ ಮಾಡಿದ್ದು ಹೋರ್ಡ್‌ನ ನಾಯಕಿಯೇ. 2011ರ ಬ್ಲಿಝ್‌ಕಾನ್ ಸಮಾವೇಶದಲ್ಲಿ ಮೆಟಲ್ ಗಾಯಕನೊಬ್ಬ ಅಲಯನ್ಸ್ ಆಟಗಾರರನ್ನು ಅವಾಚ್ಯವಾಗಿ ನಿಂದಿಸಿದ ವಿಡಿಯೊ ಪ್ರದರ್ಶನಗೊಂಡು, ಅಂದಿನ ಅಧ್ಯಕ್ಷ ಮೈಕ್ ಮೊರ್ಹೈಮ್ ಕ್ಷಮೆ ಯಾಚಿಸಬೇಕಾಯಿತು. ಸಂಸ್ಥೆಯ ಒಲವು ಹೋರ್ಡ್‌ನತ್ತ ಎಂಬ ಶಂಕೆ ಅಲಯನ್ಸ್ ಆಟಗಾರರಲ್ಲಿ ಬೇರೂರಲು ಇಷ್ಟು ಸಾಕಾಗಿತ್ತು. ನೈಟ್ ಎಲ್ಫ್‌ಗಳಿಗೆ ಕಥೆಯಲ್ಲಿ ಹೊಸ ನೆಲೆ ದಕ್ಕಿದ್ದು 2023ರ ನವೆಂಬರ್‌ನಲ್ಲಿ.

ಬಹುಸಂಖ್ಯಾತರು ಸುಖವಾಗಿದ್ದರೇ ಎಂದರೆ ಅದೂ ಇಲ್ಲ. ಊರು ಸುಟ್ಟ ಅಪರಾಧಿಗಳ ಪಕ್ಷದಲ್ಲಿ ನಿಲ್ಲುವಂತೆ ಕಥೆ ಬರೆದದ್ದು ಹೋರ್ಡ್‌ನ ಅನೇಕರಿಗೂ ರುಚಿಸಿರಲಿಲ್ಲ. 2021ರಲ್ಲಿ 'ಬರ್ನಿಂಗ್ ಕ್ರುಸೇಡ್ ಕ್ಲಾಸಿಕ್' ಆವೃತ್ತಿಯ ರಣಾಂಗಣಗಳಿಗೆ ಎದುರಾಳಿಗಳೇ ಸಾಲದೆ ಹೋರ್ಡ್ ಆಟಗಾರರು ಸರದಿಯಲ್ಲಿ ಕಾದು ಬೇಸತ್ತರು. ಅಲಯನ್ಸ್‌ಗೆ ಥಟ್ಟನೆ ಪ್ರವೇಶ. ಕೊನೆಗೆ ಹೋರ್ಡ್ ವಿರುದ್ಧ ಹೋರ್ಡ್ ಕಾದಾಡುವ ಏರ್ಪಾಟು ಮಾಡಬೇಕಾಯಿತು. ಬಣಯುದ್ಧವೇ ಈ ಆಟದ ಆತ್ಮ, ಗೋಡೆ ಕೆಡವಿದರೆ ಆಟವೇ ಕೆಡುತ್ತದೆ ಎಂಬ ವಾದ ಅಂದೇ ಸಡಿಲಗೊಂಡಿತ್ತು.

2022ರ ಸಡಿಲಿಕೆಯ ಮರುವರ್ಷ, ಮೇ 2ರಂದು, ಗಿಲ್ಡ್‌ಗಳಿಗೂ ಎರಡು ಬಣಗಳ ಸದಸ್ಯತ್ವ ಮುಕ್ತವಾಯಿತು. ಯಾವ ಜನಾಂಗಶಕ್ತಿಯನ್ನೂ ಕಿತ್ತುಕೊಳ್ಳದೆ, ಯಾರಿಗೂ ಬಹುಮಾನ ಹಂಚದೆ ಅಲಯನ್ಸ್ ಗಿಲ್ಡ್‌ಗಳಿಗೆ ಇಪ್ಪತ್ತನೆಯ ಮನುಷ್ಯ ಸಿಕ್ಕಿದ್ದು ಆಗ. ಕ್ಲಾಸಿಕ್ ಕುಟುಂಬದ 'ಸೀಸನ್ ಆಫ್ ಡಿಸ್ಕವರಿ' ಅದೇ ನವೆಂಬರ್ 30ರಂದು ಆರಂಭವಾದಾಗ, ಕಾದಾಟದ ಸರ್ವರ್‌ಗಳಲ್ಲಿ ಒಂದು ಬಣ ಹಿಗ್ಗಿದರೆ ಆ ಬಣದಲ್ಲಿ ಹೊಸ ಪಾತ್ರ ಸೃಷ್ಟಿಗೆ ತಡೆಯೊಡ್ಡುವ ನಿಯಮ ಮೊದಲ ದಿನದಿಂದಲೇ ಇತ್ತು. 2019ರಲ್ಲಿ ಇದೇ ನಿಯಮ ಇದ್ದಿದ್ದರೆ ಫ್ಲೇಮ್‌ಲ್ಯಾಶ್‌ನ ಅಲಯನ್ಸ್ ಆಟಗಾರರು ಹಾಗೆ ಗಂಟುಮೂಟೆ ಕಟ್ಟಬೇಕಾಗುತ್ತಿರಲಿಲ್ಲ.